ಕೊಸರು ಬೇಡದ ಅಳತೆ

ಹೋದ ವಾರ ಕೊಟ್ಟೂರಿನ ಸಂತೆಯಲ್ಲಿ ಹಸಿಮೆಣಸಿನಕಾಯಿ ಕೊಂಡೆ. ತಕ್ಕಡಿ ಸಮ ನಿಂತ ಮೇಲೆ ಮಾರುವಾಕೆ ರಾಶಿಯಿಂದ ಇನ್ನೊಂದು ಹಿಡಿ ಬಾಚಿ ನನ್ನ ಚೀಲಕ್ಕೆ ಹಾಕಲು ಬಂದಳು. ನಾನು ಚೀಲದ ಬಾಯಿ ಹಿಡಿದು "ಸಾಕ್ರಿ, ಅಷ್ಟಕ್ಕ ನಿಲ್ಲಿಸ್ರಿ" ಅಂದುಬಿಟ್ಟೆ. ಆಕೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ಯವ್ವಾ, ಮಂದಿ ಕೊಸರು ಹಾಕಿಲ್ಲ ಅಂತ ಜಗಳ ಮಾಡ್ತಾರ. ನೀವೇನು ಹಾಕಿದ್ರ ಜಗಳ ಮಾಡ್ತೀರಿ" ಅಂದಳು. ಪಕ್ಕದ ಕೊತ್ತಂಬರಿ ಮಾರುವಾಕೆ ಬಾಯಿಗೆ ಸೆರಗು ಹಿಡಿದು ನಕ್ಕಳು. ಕೊನೆಗೆ ಆ ಹಿಡಿ ಮೆಣಸಿನಕಾಯಿ ಚೀಲಕ್ಕೆ ಬಿದ್ದೇ ಬಿತ್ತು.

ಆ ಚೀಲ ಹಳೆಯದು. ಎಷ್ಟು ಸಲ ಒಗೆದರೂ ಬಿಸಿಲಿಗೆ ಹಿಡಿದರೆ ಅದರಿಂದ ಒಂದು ಕಮಟು ವಾಸನೆ ಏಳುತ್ತದೆ. ಕ್ವಿನೋಲಿನ್ ಎಂಬ ಎಣ್ಣೆಯಂಥ ರಾಸಾಯನಿಕದ ವಾಸನೆ ಅದು. ಮನೆಯವರು ಅದನ್ನು ಎಸೆ ಎಂದು ಬೈಯುತ್ತಾರೆ. ನಾನು ಎಸೆಯುವುದಿಲ್ಲ. ಒಂದು ಮುಂಗಾರಿನ ಪೂರ್ತಿ ಆ ಚೀಲ ನನ್ನ ಹೆಗಲ ಮೇಲಿತ್ತು, ಆ ಮುಂಗಾರಿನಲ್ಲಿ ಒಂದು ಹಿಡಿ ಕೊಸರು ಒಂದು ಊರಿನ ಮೆಕ್ಕೆಜೋಳವನ್ನು ಹುಳುವಿನ ಬಾಯಿಗೆ ಕೊಡುವುದರಲ್ಲಿತ್ತು.

ಐದಾರು ವರ್ಷದ ಹಿಂದಿನ ಮಾತು. ನಾನು ಧಾರವಾಡದಲ್ಲಿ ಪಿಎಚ್‌ಡಿಯನ್ನು ಅರ್ಧಕ್ಕೆ ಬಿಟ್ಟು ಹರಪನಹಳ್ಳಿಯ ನಮ್ಮ ಮನೆಯಲ್ಲಿ ಬಂದು ಕೂತಿದ್ದೆ. ಯಾಕೆ ಬಿಟ್ಟೆ ಎಂದು ಕೇಳಿದವರಿಗೆಲ್ಲ ಒಂದೊಂದು ಕಾರಣ ಹೇಳುತ್ತಿದ್ದೆ. ನಿಜವೇನೆಂದರೆ ಸಾಕಾಗಿತ್ತು. ಸಿಟ್ಟು ಆಗಲೂ ನನಗೆ ಮೂಗಿನ ತುದಿಯಲ್ಲೇ ಇರುತ್ತಿತ್ತು, ಮನೆಯಲ್ಲಿ ಯಾರೂ ಎರಡನೇ ಸಲ ಕೇಳುತ್ತಿರಲಿಲ್ಲ. ಹಾಗಿರುವಾಗ ಕಾಲೇಜಿನಲ್ಲಿ ನನಗೆ ಕೆಮಿಸ್ಟ್ರಿ ಕಲಿಸಿದ್ದ ವೀರಭದ್ರಪ್ಪ ಮೇಷ್ಟ್ರು ಫೋನ್ ಮಾಡಿದರು.

"ಮನ್ಯಾಗ ಕುಂತು ಯಾರ ಮ್ಯಾಲೆ ಸಿಟ್ಟು ಮಾಡ್ತಿಯವ್ವಾ? ಕೊಟ್ಟೂರಿಗೆ ಬಾ, ನನ್ನ ಮ್ಯಾಲೆ ಮಾಡು. ಒಂದು ಮಳಿಗಾಲ ಇರು. ಹಿಡಿಸಲಿಲ್ಲಂದ್ರ ಹೋಗೀಯಂತಿ."

ಮೇಷ್ಟ್ರು ನಿವೃತ್ತರಾದ ಮೇಲೆ ಊರ ಅಂಚಿನಲ್ಲಿ ಮುಚ್ಚಿಹೋಗಿದ್ದ ಒಂದು ಶೇಂಗಾ ಎಣ್ಣೆ ಮಿಲ್ಲನ್ನು ಬಾಡಿಗೆಗೆ ಹಿಡಿದಿದ್ದರು. ತಗಡಿನ ಮಾಡು, ಗೋಡೆಗೆ ಇನ್ನೂ ಹಿಂಡಿಯ ವಾಸನೆ. ಅಲ್ಲಿ ಅವರು ತಯಾರಿಸುತ್ತಿದ್ದುದು ಹೆಣ್ಣು ಪತಂಗದ ವಾಸನೆ. ಕೇಳಿದವರು ನಗುತ್ತಿದ್ದರು, ನಾನೂ ಮೊದಲ ದಿನ ನಕ್ಕೆ. ಆದರೆ ಮೆಕ್ಕೆಜೋಳಕ್ಕೆ ಲದ್ದಿ ಹುಳ ಬಂದ ವರ್ಷಗಳವು. ಸುಳಿಯೊಳಗೆ ಕೂತು ತಿನ್ನುವ ಹುಳ. ಕಣ್ಣಿಗೆ ಕಾಣುವ ಹೊತ್ತಿಗೆ ಬೆಳೆ ಹೋಗಿರುತ್ತದೆ. ಆ ಹೆದರಿಕೆಗೆ ರೈತರು ಹುಳ ಇರಲಿ ಬಿಡಲಿ ವಾರಕ್ಕೊಮ್ಮೆ ಔಷಧಿ ಹೊಡೆಯುತ್ತಿದ್ದರು. ಹುಳ ಬರುವ ಮೊದಲು ಅದರ ತಾಯಿ ತಂದೆ, ಅಂದರೆ ಪತಂಗಗಳು, ಹೊಲಕ್ಕೆ ಬರಬೇಕು. ಹೆಣ್ಣಿನ ವಾಸನೆಯನ್ನು ಒಂದು ರಬ್ಬರ್ ಬಿರಡೆಗೆ ಹೀರಿಸಿ ಬಲೆಯಲ್ಲಿ ತೂಗುಹಾಕಿದರೆ ಗಂಡು ಬಂದು ಬೀಳುತ್ತದೆ. ಬೆಳಗ್ಗೆ ಎಣಿಸಬೇಕು. ಬಿದ್ದಿದ್ದರೆ ಎಚ್ಚರ, ಬೀಳದಿದ್ದರೆ ಔಷಧಿ ಬೇಡ. ಇಷ್ಟೇ ವಿದ್ಯೆ.

ಆ ವಾಸನೆಯ ಕಣ ಒಂದು ಉದ್ದನೆಯ ಸರಪಳಿ. ಹೈದರಾಬಾದಿನಿಂದ ನಮಗೆ ಬರುತ್ತಿದ್ದ ಸರಕಿನಲ್ಲಿ ಆ ಸರಪಳಿಯ ಒಂದು ಜಾಗದಲ್ಲಿ ಎರಡು ಕಾರ್ಬನ್‌ಗಳು ಮೂರು ಕೈಯಿಂದ ಒಬ್ಬರನ್ನೊಬ್ಬರು ಹಿಡಿದುಕೊಂಡಿರುತ್ತಿದ್ದವು. ಪುಸ್ತಕದಲ್ಲಿ ಅದಕ್ಕೆ ಆಲ್ಕೈನ್ ಅನ್ನುತ್ತಾರೆ. ಹೈಡ್ರೋಜನ್ ಕೊಟ್ಟು ಒಂದು ಕೈ ಬಿಡಿಸಿದರೆ ಎರಡು ಕೈ ಉಳಿಯುತ್ತವೆ, ಆಲ್ಕೀನ್ ಆಗುತ್ತದೆ, ಸರಪಳಿ ಕುಡುಗೋಲಿನ ಹಾಗೆ ಬಾಗುತ್ತದೆ. ಗಂಡು ಪತಂಗ ಗುರುತಿಸುವುದು ಆ ಬಾಗನ್ನು. ಹೈಡ್ರೋಜನ್ ಹೆಚ್ಚಾಗಿ ಇನ್ನೊಂದು ಕೈಯೂ ಬಿಟ್ಟಿತೋ, ಬಾಗು ಹೋಯಿತು. ನೋಡುವುದಕ್ಕೆ ಅದೇ ಎಣ್ಣೆ, ಅದೇ ಬಣ್ಣ. ಪತಂಗ ಮಾತ್ರ ಹತ್ತಿರ ಸುಳಿಯುವುದಿಲ್ಲ.

ಈ ಕೈ ಬಿಡಿಸುವ ಕೆಲಸ ಮಾಡುವುದು ಪಲ್ಲಾಡಿಯಂ ಎಂಬ ಲೋಹ. ಸುಣ್ಣದ ಪುಡಿಯ ಮೇಲೆ ಅದನ್ನು ತೆಳ್ಳಗೆ ಕೂರಿಸಿರುತ್ತಾರೆ. ಅದರ ಸ್ವಭಾವ ಮಹಾ ದುಡುಕು. ಬಿಟ್ಟರೆ ಎರಡೂ ಕೈ ಬಿಡಿಸಿಯೇ ಸುಮ್ಮನಾಗುವುದು. ಅದಕ್ಕೆ ಸ್ವಲ್ಪ ಸೀಸ ಸೇರಿಸಿ, ನಾಲ್ಕು ಹನಿ ಕ್ವಿನೋಲಿನ್ ಹಾಕಿ ಅದರ ಚುರುಕು ತಗ್ಗಿಸಬೇಕು. ಮೇಷ್ಟ್ರು ಇದನ್ನು ನನಗೆ ಮೊದಲ ದಿನ ಹೊಸದಾಗಿ ಕಲಿಸುವವರಂತೆ ಹೇಳಿದರು.

"ಓಡೋದು ಇದಕ್ಕ ಹುಟ್ಟಿನಿಂದ ಬಂದೈತಿ. ನಿಲ್ಲೋದು ನಾವು ಕಲಿಸಬೇಕು. ಸೀಸ ಹಾಕಿದ್ರೂ ನಿಧಾನ ಆಗ್ತೈತಿ ಅಷ್ಟ, ತಾನಾಗಿ ನಿಲ್ಲಂಗಿಲ್ಲ. ಹೈಡ್ರೋಜನ್ ಗಾಳಿ ಬಂದ್ ಮಾಡೋ ಕೈ ನಮ್ಮದು."

"ಗೊತ್ತೈತ್ರಿ ಸರ್" ಅಂದೆ. ಗೊತ್ತಿತ್ತು. ನನಗೆ ಗೊತ್ತಿದ್ದರೆ ಸಾಕೆಂದು ತಿಳಿದಿದ್ದೆ.

ಶೆಡ್ಡಿನಲ್ಲಿ ಇನ್ನೊಬ್ಬರಿದ್ದರು, ಹಾಲಮ್ಮ. ಐವತ್ತರ ಹತ್ತಿರದ ಹೆಂಗಸು, ತವರು ಬಾಗಳಿ, ಕೊಟ್ಟಿದ್ದು ಕೊಟ್ಟೂರಿಗೆ. ಚಿಕ್ಕಂದಿನಲ್ಲಿ ತಾಯಿಯ ಜೊತೆ ಸಂತೆ ಸಂತೆ ತಿರುಗಿ ಕಾಳು ಮಾರಿದವಳು. ಅಂದಾಜಿಗೆ ಒಂದು ಹಿಡಿ ತೆಗೆದರೆ ನಮ್ಮ ವಿದ್ಯುತ್ ತಕ್ಕಡಿ ತಲೆದೂಗಬೇಕು, ಅಷ್ಟು ಕರಾರುವಾಕ್ಕು. ಅವಳು ನನ್ನನ್ನು ಮೇಡಮ್ಮಾರು ಎಂದು ಕರೆಯುತ್ತಿದ್ದಳು. ಬೇಡವೆಂದರೂ ಕೇಳಲಿಲ್ಲ.

ಹೈಡ್ರೋಜನ್ ಹಾಯಿಸುವ ಉಕ್ಕಿನ ಪಾತ್ರೆಯ ಪಕ್ಕ ಒತ್ತಡ ತೋರಿಸುವ ಒಂದು ಮೀಟರ್ ಇತ್ತು. ಗಾಳಿ ಖರ್ಚಾದಂತೆ ಮುಳ್ಳು ಇಳಿಯುತ್ತದೆ. ಒಂದು ಬ್ಯಾಚಿಗೆ ಎಷ್ಟು ಇಳಿಯಬೇಕೆಂದು ಲೆಕ್ಕ ಹಾಕಿ, ಮೀಟರಿನ ಗಾಜಿನ ಮೇಲೆ ನನ್ನ ಉಗುರುಬಣ್ಣದಿಂದ ಒಂದು ಕೆಂಪು ಗೆರೆ ಎಳೆದೆ. ಹಾಲಮ್ಮನಿಗೆ ಹೇಳಿದೆ, "ಮುಳ್ಳು ಈ ಗೆರಿ ಮುಟ್ಟಿದ ಕೂಡಲೆ ಗಾಳಿ ಬಂದ್ ಮಾಡ್ರಿ." ಅಷ್ಟೇ ಹೇಳಿದ್ದು. ಅವಳು ತಲೆಯಾಡಿಸಿದಳು.

ಮೊದಲ ಬ್ಯಾಚನ್ನು ನಾನೇ ಪಕ್ಕದಲ್ಲಿ ನಿಂತು ಮಾಡಿಸಿದೆ. ಬೆಳ್ಳಿಯ ಲವಣ ಬಳಿದ ಗಾಜಿನ ಪಟ್ಟಿಯ ಮೇಲೆ ಹನಿಯಿಟ್ಟು ಪರೀಕ್ಷಿಸಿದರೆ ಒಂದೇ ಚುಕ್ಕೆ, ಇರಬೇಕಾದ ಜಾಗದಲ್ಲಿ. ಮೇಷ್ಟ್ರ ಹೊಲದಲ್ಲಿ ಬಲೆ ಕಟ್ಟಿದ ಮರುಬೆಳಗ್ಗೆ ಒಂಬತ್ತು ಪತಂಗ. ಧಾರವಾಡದಲ್ಲಿ ನಾಲ್ಕು ವರ್ಷ ಮಾಡಿದ ಕೆಲಸ ಯಾವ ಜೀವಕ್ಕೂ ಮುಟ್ಟಿರಲಿಲ್ಲ. ಇಲ್ಲಿ ನಾನು ಮಾಡಿದ ಒಂದು ಹನಿಯನ್ನು ನಂಬಿ ಒಂಬತ್ತು ಜೀವ ಹಾರಿ ಬಂದಿದ್ದವು. ಪಾಪ, ಮೋಸಹೋಗಿದ್ದವು ನಿಜ, ಆದರೆ ನನಗೆ ಆ ದಿನ ಊಟ ಸೇರಲಿಲ್ಲ, ಅಷ್ಟು ಖುಷಿ.

ಮೃಗಶಿರಾ ಮಳೆ ಆ ವರ್ಷ ಬೇಗ ಹಿಡಿಯಿತು. ಬಾಗಳಿಯಲ್ಲಿ ಬಿತ್ತನೆ ಮುಗಿದೇ ಹೋಯಿತು. ಅಲ್ಲಿ ಹಾಲಮ್ಮನ ತಮ್ಮ ಶರಣಪ್ಪ ಮನೆಮನೆ ತಿರುಗಿ ಹತ್ತಾರು ಕುಟುಂಬದವರನ್ನು ಒಪ್ಪಿಸಿದ್ದ: ಈ ಸಲ ಕಣ್ಣುಮುಚ್ಚಿ ಔಷಧಿ ಹೊಡೆಯುವುದು ಬೇಡ, ಅಕ್ಕನ ಶೆಡ್ಡಿನ ಬಲೆ ಕಟ್ಟೋಣ, ಬಲೆ ಹೇಳಿದಂತೆ ಕೇಳೋಣ. ಮೇಷ್ಟ್ರು ಶೆಡ್ಡು ತೆರೆದ ಮೇಲೆ ಒಂದು ಇಡೀ ಊರು ನಮ್ಮನ್ನು ನಂಬಿದ್ದು ಅದೇ ಮೊದಲು. ಈ ಊರು ಕೈಬಿಟ್ಟರೆ ಇನ್ಯಾವ ಊರೂ ಬಾಗಿಲು ತೆಗೆಯುವುದಿಲ್ಲ ಎಂದು ಮೂವರಿಗೂ ಗೊತ್ತಿತ್ತು.

ಬಾಗಳಿಯ ಬ್ಯಾಚ್ ಮಾಡುವ ದಿನ ಸಾರಜನಕದ ಸಿಲಿಂಡರ್ ಇಳಿಸಿಕೊಳ್ಳಲು ನಾನು ಕಾನಹೊಸಹಳ್ಳಿಗೆ ಹೋಗಬೇಕಾಯಿತು. ಹೊಸಪೇಟೆಯ ಲಾರಿ ಹೆದ್ದಾರಿ ಬಿಟ್ಟು ಒಳಗೆ ಬರುತ್ತಿರಲಿಲ್ಲ. ಮೇಷ್ಟ್ರು ಕೂಡ್ಲಿಗಿಯ ಕಚೇರಿಯಲ್ಲಿ ಯಾವುದೋ ಪರವಾನಗಿಗೆ ಕೂತಿದ್ದರು. ಹಾಲಮ್ಮ "ನಾ ಮಾಡ್ತೀನಿ ಹೋಗ್ರಿ ಮೇಡಮ್ಮಾರ, ನನ್ನ ತವರಿನ ಕೆಲಸ" ಅಂದಳು. ಲಾರಿ ಬಂದದ್ದು ಮಧ್ಯಾಹ್ನ ಕಳೆದ ಮೇಲೆ. ನಾನು ಮರಳಿದಾಗ ಎಲ್ಲ ಮುಗಿಸಿ, ಸೋಸಿ, ಬಾಟಲಿಗೆ ತುಂಬಿಟ್ಟು, ನೆಲ ಒರೆಸುತ್ತಿದ್ದಳು. ಮರುದಿನ ಬೆಳಗ್ಗೆಯೇ ಬಾಗಳಿಗೆ ತಲುಪಿಸಬೇಕಿತ್ತು. ಗಾಜಿನ ಪಟ್ಟಿ ಬಳಿದು ಒಣಗಿಸಿ ಪರೀಕ್ಷಿಸಲು ಅರ್ಧ ದಿನ ಬೇಕು. ಹೋದ ಸಲದಂತೆಯೇ ಮಾಡಿದ್ದಲ್ಲವೇ, ನೋಡುವುದೇನಿದೆ ಅಂದುಕೊಂಡೆ. ಬಿರಡೆಗಳಿಗೆ ಹೀರಿಸಿ ಡಬ್ಬಿಗೆ ತುಂಬಿದೆ. ಇದನ್ನು ನಾನು ಯಾರ ಮೇಲೂ ಹಾಕುವಂತಿಲ್ಲ, ನೋಡದೆ ಕಳಿಸಿದ್ದು ನಾನು.

ಬಲೆ ಕಟ್ಟಿ ಮೂರು ದಿನವಾಯಿತು, ನಾಲ್ಕು ದಿನವಾಯಿತು. ಶರಣಪ್ಪ ದಿನಾ ಬೆಳಗ್ಗೆ ಫೋನ್ ಮಾಡುತ್ತಿದ್ದ. "ಒಂದೂ ಬಿದ್ದಿಲ್ಲ ನೋಡ್ರಿ. ಈ ವರ್ಷ ನಮ್ಮೂರಾಗ ಹುಳಾನ ಇಲ್ಲ." ಎಂಟನೆಯ ದಿನಕ್ಕೂ ಅದೇ ಮಾತು, ದಾರಿತಪ್ಪಿ ಬಂದ ಒಂದೆರಡು ಬಿಟ್ಟರೆ ಬಲೆಗಳೆಲ್ಲ ಖಾಲಿ. ಊರವರು ಕಲ್ಲೇಶ್ವರನಿಗೆ ಕಾಯಿ ಒಡೆಸಿದರಂತೆ. ಹಾಲಮ್ಮ ಆ ಪ್ರಸಾದದ ಕೊಬ್ಬರಿ ಚೂರನ್ನು ನನ್ನ ಕೈಗೂ ಕೊಟ್ಟಳು. ನಾನು ತಿಂದೆ. ಔಷಧಿ ಉಳಿಯಿತಲ್ಲ ಎಂದು ಹಿಗ್ಗಿದೆ. ಅಷ್ಟು ಓದಿದ ನನಗೆ ಖಾಲಿ ಬಲೆಗೆ ಎರಡು ಅರ್ಥ ಇರಬಹುದೆಂದು ಹೊಳೆಯಲೇ ಇಲ್ಲ.

ಒಂಬತ್ತನೆಯ ದಿನ ಬಾಗಳಿಗೆ ಹೋದೆ, ಶಭಾಷ್‌ಗಿರಿ ಪಡೆಯುವುದಕ್ಕೇ ಹೋದೆ ಅನ್ನಿ. ಶರಣಪ್ಪನ ಹೊಲ ದೇವಸ್ಥಾನದ ಹಿಂದಿನ ಕಪ್ಪು ಎರೆಮಣ್ಣಿನಲ್ಲಿ. ಪೈರು ಮೊಣಕಾಲೆತ್ತರ, ತುಂತುರು ಮಳೆ ಬಿದ್ದು ತೊಳೆದಿಟ್ಟ ಹಾಗಿತ್ತು. ಅವನು ಮುಂದೆ ಮಾತಾಡುತ್ತ ಹೋಗುತ್ತಿದ್ದ. ನಾನು ಸುಮ್ಮನೆ ಒಂದು ಎಲೆಯನ್ನು ಬೆಳಕಿಗೆ ಹಿಡಿದೆ. ಎಲೆಯ ಹಸಿರು ಅಲ್ಲಲ್ಲಿ ಕೆರೆದುಹೋಗಿ ಬಿಳಿ ಪೊರೆ ಮಾತ್ರ ಉಳಿದಿತ್ತು. ಪಕ್ಕದ ಗಿಡದಲ್ಲೂ ಅದೇ. ಅದರಾಚೆಯದರಲ್ಲೂ. ಆಗಷ್ಟೇ ಮೊಟ್ಟೆಯೊಡೆದ ಲದ್ದಿ ಹುಳ ತಿಂದ ಗುರುತು ಅದು. ಎರಡು ಗಿಡದ ನಡುವೆ ನಮ್ಮ ಹಳದಿ ಬಲೆ ಖಾಲಿಯಾಗಿ ತೂಗುತ್ತಿತ್ತು.

"ಶರಣಪ್ಪಾ, ನಿಲ್ರಿ" ಅಂದೆ. "ಹುಳ ಐತಿ. ನಮ್ಮ ಬಲಿ ಸುಳ್ಳು ಹೇಳೈತಿ."

ಅವನು ಎಲೆ ನೋಡಿದ, ಬಲೆ ನೋಡಿದ, ನನ್ನನ್ನು ನೋಡಲಿಲ್ಲ. "ಮಂದಿಗೆ ನಾನ ಮಾತು ಕೊಟ್ಟೀನಲ್ರಿ" ಅಂದ, ಬಹಳ ಮೆಲ್ಲಗೆ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಒಂದು ಬಿರಡೆಯನ್ನು ಚೀಲದಲ್ಲಿ ಹಾಕಿಕೊಂಡು ಕೊಟ್ಟೂರಿಗೆ ಓಡಿ ಬಂದೆ. ಗಾಜಿನ ಪಟ್ಟಿ ಬಳಿದು, ಬಾಟಲಿಯಲ್ಲಿ ಉಳಿದಿದ್ದ ಎಣ್ಣೆಯ ಹನಿಯನ್ನೂ ಬಿರಡೆಯ ಸಾರವನ್ನೂ ಇಟ್ಟು ಪರೀಕ್ಷಿಸಿದೆ. ಪಟ್ಟಿಯಲ್ಲಿ ದ್ರಾವಕ ಮೇಲೇರುವಾಗ ಬಾಗು ಉಳಿದ ಕಣ ಬೆಳ್ಳಿಗೆ ಅಂಟಿಕೊಂಡು ಕೆಳಗೇ ನಿಲ್ಲಬೇಕು, ಬಾಗು ಹೋದದ್ದು ಮೇಲೇರುತ್ತದೆ. ಕೆಳಗೆ ಏನೋ ಮಸುಕಾಗಿತ್ತು. ಚುಕ್ಕೆ ಮೂಡಿದ್ದೆಲ್ಲ ಮೇಲೆ. ಎರಡನೆಯ ಕೈಯನ್ನೂ ಬಿಡಿಸಿಬಿಟ್ಟಿದ್ದೆವು. ಉಳಿದ ಒಂದಿಷ್ಟರ ಬಾಗೂ ನೆಟ್ಟಗಾಗಿಹೋಗಿತ್ತು.

"ಹಾಲಮ್ಮಾ, ಆವತ್ತು ಗಾಳಿ ಎಲ್ಲಿಗೆ ಬಂದ್ ಮಾಡಿದ್ರಿ? ಗೆರಿಗೇನು?"

ಹಾಲಮ್ಮನ ಮುಖ ಅರಳಿತು. ಅದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. "ಗೆರಿ ಮುಟ್ಟಿದ್ದು ಸಮ ಅಳತಿ ಅಲ್ರಿ ಮೇಡಮ್ಮಾರ? ಸಮ ಅಳತಿ ಯಾರಿಗಾದ್ರೂ ಕೊಡ್ತಾರೇನು? ನಮ್ಮವ್ವ ಸೇರು ತುಂಬಿ ಮ್ಯಾಲೆ ಒಂದು ಹಿಡಿ ಹಾಕದ ಗಿರಾಕಿ ಕಳಿಸಿದಾಕಿ ಅಲ್ಲ. ಅದೂ ತವರಿನ ಮಾಲು. ಅದಕ್ಕ ಕೊಸರು ಬಿಟ್ಟೆ. ಗೆರಿ ದಾಟಿದ ಮ್ಯಾಲೆ ಮುಳ್ಳು ಬಲು ಸೋಮಾರಿ ಆತು, ಇಳೀಲೇ ಒಲ್ಲದು. ಅದಕ್ಕ ಇನ್ನೂ ಎರಡು ತಾಸು ಕಾದು ಕುಂತಿದ್ದೆ. ಬುತ್ತಿ ಸೈತ ಬಿಚ್ಚಲಿಲ್ಲ."

ಬಾಯಿಗೆ ಬಂದದ್ದು ಅಂದೆ. ನಿನ್ನ ಕೊಸರಿಗೆ ಬೆಂಕಿ ಹಾಕ, ಹೇಳಿದಷ್ಟು ಮಾಡುವುದಕ್ಕೆ ಏನು ಧಾಡಿ, ನಿನ್ನ ತಮ್ಮನ ಹೊಲ ತಿನ್ನಿಸಿದವಳು ನೀನೇ ಎಂದೆ. ಹತ್ತಿರದವರಿಗೂ ಅನ್ನಬಾರದ ಏಕವಚನದಲ್ಲಿ ಅಂದೆ. ಅವಳು ಗೋಡೆ ಹಿಡಿದು ಕುಕ್ಕರಿಸಿದಳು. ತಲೆಯೆತ್ತಿ ಕೇಳಿದಳು.

"ಯಾಕ ನಿಲ್ಲಿಸಬೇಕು ಅಂತ ನೀವು ಹೇಳಿದ್ರೇನ್ರಿ?"

ನಾನು ಹೇಳಿರಲಿಲ್ಲ. ಗೆರೆ ಎಳೆದಿದ್ದೆ, ಗೆರೆಯಾಚೆ ಏನಿದೆ ಎಂದು ಹೇಳಿರಲಿಲ್ಲ. ಅವಳಿಗೆ ತಿಳಿಯುವುದಿಲ್ಲ ಎಂದುಕೊಂಡಿದ್ದೆ. ಮೇಷ್ಟ್ರು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಅವರು ನನ್ನನ್ನು ನೋಡಿದ ನೋಟಕ್ಕೆ ಧಾರವಾಡದ ಯಾವ ಬೈಗುಳವೂ ಸಾಟಿಯಲ್ಲ.

ಅಲ್ಲಿಗೂ ನನಗೆ ಬುದ್ಧಿ ಬರಲಿಲ್ಲ. "ಸರ್, ಬಿಸಿಲಿಗೆ ಬಿರಡಿ ಕೆಟ್ಟಾವ ಅಂತ ಹೇಳೋಣ. ಹೊಸಾವು ಕೊಡೋಣ. ಇಲ್ಲಂದ್ರ ಊರು ಕೈಬಿಡ್ತೈತಿ" ಅಂದೆ. ಮೇಷ್ಟ್ರು ಉತ್ತರ ಕೊಡುವ ಮೊದಲೇ ಹಾಲಮ್ಮ ಎದ್ದು ಸೆರಗು ಕೊಡವಿದಳು.

"ನನ್ನ ತಮ್ಮಗ ನಾ ಸುಳ್ಳು ಹೇಳಾಕಿ ಅಲ್ಲ. ನಡೀರಿ ಬಾಗಳಿಗೆ. ಮೊದಲು ನನಗ ಯಾಕಂತ ಹೇಳ್ರಿ. ತಿಳೀದ ಹೋಗಿ ಏನಂತ ಹೇಳಲಿ?"

ಹೇಳಿದೆ. ಶೇಂಗಾ ಕಾಳು ಜೋಡಿಸಿ, ಕಡ್ಡಿ ಚುಚ್ಚಿ, ಮೂರು ಕಡ್ಡಿಯಲ್ಲಿ ಒಂದನ್ನು ಕಿತ್ತು, ಆಮೇಲೆ ಇನ್ನೊಂದನ್ನು ಕಿತ್ತು ತೋರಿಸಿದೆ. ಅವಳು ಎರಡೇ ಪ್ರಶ್ನೆ ಕೇಳಿದಳು. ಗೆರೆ ದಾಟಿದ ಮೇಲೆ ಮುಳ್ಳು ಯಾಕೆ ಸೋಮಾರಿಯಾಯಿತು ಎಂಬುದು ಒಂದು. ಅಲ್ಲಿಂದಾಚೆಗೆ ಲೋಹಕ್ಕೆ ಒಲ್ಲದ ಕೆಲಸ, ಸೀಸ ಅದನ್ನು ತಡೆಯುತ್ತಿರುತ್ತದೆ ಅಂದೆ. "ಹಂಗಾರ ಅದು ನನಗ ಸಾಕು ಅಂತ ಹೇಳಿತ್ತು. ನನಗ ತಿಳೀಲಿಲ್ಲ" ಅಂದಳು. ನನ್ನ ಗೈಡು ಕೂಡ ಇಷ್ಟು ಚೆನ್ನಾಗಿ ಹೇಳಿರಲಿಲ್ಲ. ಕಳೆದುಹೋದ ಕೈ ಮತ್ತೆ ಬರುತ್ತದೆಯೇ ಎಂಬುದು ಎರಡನೆಯದು. ಇಲ್ಲ ಅಂದೆ.

ಮರುದಿನ ಬೆಳಗ್ಗೆ ಬಾಗಳಿಯಲ್ಲಿ ದೇವಸ್ಥಾನದ ಮುಂದಿನ ಬೇವಿನ ಮರದ ಕಟ್ಟೆಗೆ ಜನ ಸೇರಿದರು. ಮೇಷ್ಟ್ರು ಬಾಯಿ ತೆರೆಯುವ ಮುಂಚೆ ಹಾಲಮ್ಮ ಮುಂದೆ ಹೋಗಿ ನಿಂತಳು. "ಬಲಿ ಖಾಲಿ ಇದ್ದದ್ದು ಹುಳ ಇಲ್ಲಂತಲ್ಲ. ಬಿರಡ್ಯಾಗ ಜೀವ ಇದ್ದಿದ್ದಿಲ್ಲ. ನನ್ನ ಕೈಲೆ ಆದ ತಪ್ಪು" ಅಂದಳು. ಕೊಸರಿನ ಕತೆಯನ್ನು ಒಂದಕ್ಷರ ಬಿಡದೆ ಹೇಳಿದಳು. ನಾನೂ ಎದ್ದು, ನೋಡದೆ ಕಳಿಸಿದ್ದು ನಾನು, ಯಾಕೆಂದು ಇವರಿಗೆ ಹೇಳದೆ ಹೋದದ್ದೂ ನಾನು ಎಂದೆ.

ಗದ್ದಲವೆದ್ದಿತು. "ದೇವರಿಗೆ ಕಾಯಿ ಒಡಸಿದ್ವಲ್ಲೋ, ಹುಳ ಒಳಗ ಕುಂತು ನಕ್ಕಿರಬೇಕು" ಎಂದ ಒಬ್ಬ. "ನಾ ಹೇಳಿದ್ನಲ್ಲ, ವಾರಕ್ಕೊಮ್ಮಿ ಹೊಡದಿದ್ರ ಇದು ಬರ್ತಿದ್ದಿಲ್ಲ" ಎಂದ ಇನ್ನೊಬ್ಬ. ನ್ಯಾಯವಾದ ಮಾತು. ಎಲ್ಲರೂ ಶರಣಪ್ಪನ ಕಡೆ ನೋಡಿದರು, ಅವನಲ್ಲವೇ ಮಾತು ಕೊಟ್ಟವನು. ಅವನು ಅಕ್ಕನ ಕಡೆ ತಿರುಗಿದ.

"ಅವ್ವನ ಮಗಳ ಬಿಡು ನೀನು" ಅಂದ. ನಕ್ಕನೋ ನಿಟ್ಟುಸಿರಿಟ್ಟನೋ ತಿಳಿಯಲಿಲ್ಲ. ಆಮೇಲೆ ಊರವರಿಗೆ, "ಎಲಿ ನೋಡಿದ ಕೂಡಲೆ ಇವರು ಹೇಳದ ಮುಚ್ಚಿಟ್ಟಿದ್ರ ಇನ್ನೂ ವಾರ ನಮಗ ಗೊತ್ತಾಗ್ತಿದ್ದಿಲ್ಲ. ಹುಳ ಇನ್ನೂ ಎಳೇದೈತಿ. ಬೈಯೋದು ಆಮ್ಯಾಲೆ ಬೈಯೋಣ. ಈಗ ಹೊಲಕ್ಕ ನಡೀರಿ" ಅಂದ.

ಹೋದೆವು. ಆರು ದಿನ ಬಾಗಳಿಯ ಹೊಲಗಳಲ್ಲಿ ಇದ್ದೆವು, ಊರಿನ ಹೆಂಗಸರು ಗಂಡಸರು ಎಲ್ಲ. ಬೇವಿನೆಣ್ಣೆ ಕಲಸಿದ ನೀರನ್ನು ಸುಳಿಗೆ ಬೀಳುವಂತೆ ಹೊಡೆದೆವು, ಹುಳ ಸುಳಿಯೊಳಗೆ ಇಳಿದಿದ್ದ ಗಿಡಗಳಿಗೆ ಬೂದಿ ಬೆರೆಸಿದ ಮರಳನ್ನು ಚಿಟಿಕೆ ಚಿಟಿಕೆ ಹಾಕಿದೆವು. ಮೇಷ್ಟ್ರು ಪಂಚೆ ಎತ್ತಿಕಟ್ಟಿ ಸಾಲು ಹಿಡಿದರು. ಹಾಲಮ್ಮ ಎಲ್ಲರಿಗಿಂತ ಮುಂದೆ ಇರುತ್ತಿದ್ದಳು, ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ನನ್ನ ಜೊತೆಗಂತೂ ಇಲ್ಲವೇ ಇಲ್ಲ. ಮೂರನೆಯ ದಿನ ಮಳೆ ಬಂದು ಇಬ್ಬರೂ ಒಂದೇ ಗೋಣಿಚೀಲದ ಕೊಪ್ಪೆಯಡಿ ನಿಲ್ಲಬೇಕಾಯಿತು. ನಾನು ಅಂದೆ, "ಹಾಲಮ್ಮಾ, ನಾ ಆಡಿದ ಮಾತು ತಪ್ಪು. ಹೊಟ್ಟ್ಯಾಗ ಹಾಕ್ಕೋರಿ."

"ಹಾಕ್ಕೊಂಡೀನಿ ಬಿಡ್ರಿ" ಅಂದಳು. ಕೊಪ್ಪೆಯನ್ನು ನನ್ನ ಕಡೆ ಎಳೆದು, "ಸಿಟ್ಟಿನಾಗ ನೀವೂ ಗೆರಿ ದಾಟ್ತೀರಿ ಮೇಡಮ್ಮಾರ" ಅಂದಳು. ನನಗೆ ಅಳು ಬಂತು, ಮಳೆಯಲ್ಲಿ ಕಾಣಲಿಲ್ಲ ಎಂದುಕೊಂಡಿದ್ದೇನೆ.

ನಡುವೆ ಒಂದು ದಿನ ಶೆಡ್ಡಿಗೆ ಹೋಗಿ ಹೊಸ ಬ್ಯಾಚ್ ಮಾಡಿದೆವು. ನಾನು ಮಾಡುತ್ತೇನೆಂದು ಪಾತ್ರೆಯ ಹತ್ತಿರ ಹೋದೆ. ಮೇಷ್ಟ್ರು ನನ್ನನ್ನು ತಡೆದು, "ಹಾಲಮ್ಮಾ, ನೀನ ಮಾಡವ್ವಾ" ಅಂದರು. ಅವಳು ಕೈ ತೊಳೆದು ಬಂದು ಗಾಳಿ ಬಿಡುವ ಕವಾಟದ ಮೇಲೆ ಕೈಯಿಟ್ಟು ನಿಂತಳು. ಮುಳ್ಳು ಇಳಿಯಿತು. ಗೆರೆಯ ಹತ್ತಿರ ಬರುತ್ತಿದ್ದಂತೆ ಅವಳ ತುಟಿ ಏನೋ ಎಣಿಸುತ್ತಿತ್ತು. ಮುಳ್ಳು ಗೆರೆಗೆ ತಾಗಿತು, ಅವಳ ಕೈ ತಿರುಗಿತು. ಸಾರಜನಕ ಹಾಯಿಸಿ ಉಳಿದ ಹೈಡ್ರೋಜನ್ ಹೊರಗೆ ಕಳಿಸಿದಳು. ಒಂದು ಕೂದಲೆಳೆಯಷ್ಟೂ ಹೆಚ್ಚಿಲ್ಲ. ಜೀವಮಾನದಲ್ಲಿ ಮೊದಲ ಸಲ ಸಮ ಅಳತೆ ಕೊಟ್ಟವಳ ಮುಖದಲ್ಲಿ ಎಷ್ಟು ಸಂಕಟವಿತ್ತೆಂದರೆ, ಏನೋ ಕದ್ದವಳ ಹಾಗೆ ನಮ್ಮನ್ನು ನೋಡಿದಳು. ಈ ಸಲ ಅರ್ಧ ದಿನ ಕೂತು ಗಾಜಿನ ಪಟ್ಟಿ ನೋಡಿದೆವು. ಒಂದೇ ಚುಕ್ಕೆ, ಕೆಳಗೆ.

ಸಂಜೆ ಬಲೆಗಳಿಗೆ ಹೊಸ ಬಿರಡೆ ಹಾಕಿದೆವು. ಮರುದಿನ ಬೆಳಗ್ಗೆ ಇಬ್ಬನಿಯಲ್ಲಿ ಶರಣಪ್ಪನ ಹೊಲಕ್ಕೆ ನಾವು ಹೋಗುವಷ್ಟರಲ್ಲಿ ಅವನೇ ಬಲೆಯ ಚೀಲ ಬಿಚ್ಚಿ ಹಿಡಿದು ನಿಂತಿದ್ದ. ಒಳಗೆ ಕಂದು ರೆಕ್ಕೆಗಳು ಪಟಪಟ ಅನ್ನುತ್ತಿದ್ದವು. "ಹನ್ನೊಂದು" ಅಂದ. ಆಚೆ ಹೊಲದಿಂದ ಯಾರೋ "ನಮ್ಮದ್ರಾಗ ಹದಿನಾಲ್ಕು" ಎಂದು ಕೂಗಿದರು. ಹೊಲದ ವೈರಿ ಬಂದು ಬಿದ್ದದ್ದಕ್ಕೆ ಊರೇ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಹಾಲಮ್ಮ ಮಾತ್ರ ಬದುವಿನ ಮೇಲೆ ಕೂತುಬಿಟ್ಟಳು, ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ಎದ್ದಳು.

ಬೆಳೆ ಪೂರ್ತಿ ಉಳಿಯಿತು ಎಂದರೆ ಸುಳ್ಳಾದೀತು. ಅಲ್ಲಲ್ಲಿ ಸಾಲು ತೆಳುವಾಯಿತು. ಆದರೆ ಊರು ಉಳಿಯಿತು. ಅಲ್ಲಿಂದ ಮುಂದೆ ಬಲೆ ಹೇಳಿದ ವಾರ ಮಾತ್ರ ಔಷಧಿ ಹೊಡೆದರು. ಇಡೀ ಬೆಳೆಗೆ ಎರಡೇ ಸಲ. ತೆನೆ ಮುರಿಯುವ ಕಾಲಕ್ಕೆ ಶರಣಪ್ಪ ಒಂದು ಚೀಲ ತೆನೆ ತಂದು ಶೆಡ್ಡಿನ ಬಾಗಿಲಲ್ಲಿ ಇಳಿಸಿದ. ಚೀಲದ ಬಾಯಿ ಕಟ್ಟಲು ಬರದಷ್ಟು ತುಂಬಿದ್ದ. "ಇದರಾಗ ಕೊಸರು ಐತಿ, ಅಕ್ಕಗ ಹೇಳ್ರಿ" ಎಂದು ನಗುತ್ತ ಹೋದ. ಮುಂದಿನ ಮುಂಗಾರಿಗೆ ಹಡಗಲಿ ಕಡೆಯ ಎರಡು ಊರಿನವರು ಬಲೆ ಕೇಳಿಕೊಂಡು ಬಂದರು. ನಮ್ಮ ಬಗ್ಗೆ ಯಾರು ಹೇಳಿದರೆಂದು ಕೇಳಿದೆ. ಬಾಗಳಿಯವರು ಅಂದರು.

ಒಂದು ಮಳೆಗಾಲಕ್ಕೆಂದು ಹೋದವಳು ಎರಡು ವರ್ಷ ಇದ್ದೆ. ಅರ್ಧಕ್ಕೆ ಬಿಟ್ಟವಳು ಎಂದು ನನ್ನನ್ನು ನಾನೇ ಹಳಿದುಕೊಳ್ಳುವುದು ಯಾವಾಗಲೋ ನಿಂತುಹೋಯಿತು. ಈಗ ಹಗರಿಬೊಮ್ಮನಹಳ್ಳಿಯಲ್ಲಿ ಮಕ್ಕಳಿಗೆ ಪಾಠ ಮಾಡುತ್ತೇನೆ. ಏನು ಹೇಳಿದರೂ ಯಾಕೆಂದು ಸೇರಿಸಿ ಹೇಳುತ್ತೇನೆ, ಸಮಯ ಸಾಲದೆ ಪ್ರಿನ್ಸಿಪಾಲರಿಂದ ಬೈಸಿಕೊಳ್ಳುತ್ತೇನೆ.

ಹೋದ ವಾರ ಮೆಣಸಿನಕಾಯಿ ಚೀಲ ಹಿಡಿದು ಶೆಡ್ಡಿಗೂ ಹೋದೆ. ಮೇಷ್ಟ್ರು ಕನ್ನಡಕ ಹಣೆಗೇರಿಸಿಕೊಂಡು ಕನ್ನಡಕ ಹುಡುಕುತ್ತಿದ್ದರು. ಪಾತ್ರೆ ಹೊಸದಾಗಿದೆ, ಮೀಟರ್ ಹೊಸದು, ಗಾಜಿನ ಮೇಲೆ ಕೆಂಪು ಗೆರೆ ಮಾತ್ರ ಉಗುರುಬಣ್ಣದ್ದೇ. ಹಾಲಮ್ಮ ಹೊಸದಾಗಿ ಸೇರಿದ ಹೆಂಗಸಿಗೆ ಶೇಂಗಾ ಕಾಳಿಗೆ ಕಡ್ಡಿ ಚುಚ್ಚಿ ತೋರಿಸುತ್ತಿದ್ದಳು. "ಮುಳ್ಳು ಸೋಮಾರಿ ಆತು ಅಂದ್ರ ಅದು ನಿನಗ ಸಾಕು ಅನ್ನಾಕತ್ತೈತಿ, ತಿಳಕೋ. ಇಲ್ಲಿ ನಮ್ಮವ್ವನ ಕೈ ನಡ್ಯಂಗಿಲ್ಲ." ನನ್ನನ್ನು ನೋಡಿ ಮಾತು ಅಲ್ಲಿಗೇ ಬಿಟ್ಟು ಎದ್ದು ಬಂದಳು. ನ್ಯಾಯ ಹೇಳಬೇಕೆಂದರೆ ಮೊದಲು ಮುಳ್ಳು ನೋಡಿ, ಕವಾಟ ತಿರುಗಿಸಿ, ಆಮೇಲೆ ಬಂದಳು.

ಮಧ್ಯಾಹ್ನ ಬುತ್ತಿ ಬಿಚ್ಚಿ ನನಗೂ ಒಂದು ಗಂಗಾಳ ಇಟ್ಟು ಬಡಿಸಿದಳು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ಎರಡು ರೊಟ್ಟಿ ಮುಗಿಸಿ ಸಾಕು ಅಂದೆ. ಇನ್ನೊಂದು ರೊಟ್ಟಿ ತಟ್ಟೆಗೆ ಬಿತ್ತು. "ಸಾಕಂದೆನಲ್ರಿ ಹಾಲಮ್ಮಾ" ಎಂದು ತಟ್ಟೆ ಮುಚ್ಚಿದೆ. ಅವಳು ನನ್ನ ಕೈ ಸರಿಸಿ ಅದರ ಮೇಲೆ ಅಷ್ಟು ಪಲ್ಯವನ್ನೂ ಹಾಕಿದಳು.

"ಉಣ್ರಿ ಸುಮ್ನ. ಗಂಗಾಳಕ್ಕ ಯಾರೂ ಕೆಂಪು ಗೆರಿ ಎಳದಿಲ್ಲ" ಅಂದಳು.